ಕೊಟ್ಟವರು ಮತ್ತು ಕಾಯುವವರು

ಒಬ್ಬ ಮನುಷ್ಯ ಕೆರೆ ಕಟ್ಟಿಸುತ್ತಾನೆ, ಗುಡಿ ಕಟ್ಟಿಸುತ್ತಾನೆ, ದಾರಿಹೋಕರಿಗೆ ಛತ್ರ ಕಟ್ಟಿಸುತ್ತಾನೆ, ಇಲ್ಲವೇ ಮಸೀದಿಗೆಂದು ಒಂದು ತುಂಡು ಭೂಮಿ ಬಿಡುತ್ತಾನೆ. ಆಮೇಲೆ ಸತ್ತುಹೋಗುತ್ತಾನೆ. ನೂರು ವರ್ಷಗಳಲ್ಲಿ ಅವನ ವಂಶ ಚದುರುತ್ತದೆ. ಇನ್ನೂರು ವರ್ಷಗಳಲ್ಲಿ ಅರಸ ಬದಲಾಗುತ್ತಾನೆ. ಐನೂರು ವರ್ಷಗಳಲ್ಲಿ ಊರಿನ ಜನರೇ ಬದಲಾಗಿರಬಹುದು, ಅವರ ಪೂಜೆ, ಪ್ರಾರ್ಥನೆ, ಆಡುಮಾತು ಕೂಡ. ಆಗ ಆ ದಾನವನ್ನು ಕಾಯುವ ಹೊಣೆ ಯಾರದು? ಕೊಟ್ಟವನು ನಮ್ಮವನಲ್ಲ, ಪಡೆದವರೂ ನಮ್ಮವರಲ್ಲ. ನಾವೇಕೆ ಕಾಯಬೇಕು?

ಮೇಲ್ನೋಟಕ್ಕೆ ಇದು ಚರಿತ್ರೆಯ ಪ್ರಶ್ನೆ ಅನ್ನಿಸಬಹುದು. ನನ್ನ ಮಟ್ಟಿಗೆ ಇದು ನೀತಿಯ ಪ್ರಶ್ನೆ. ನಮ್ಮ ನಾಡಿನ ಹಳೆಯ ಕಲ್ಲುಗಳು ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಕೇಳಿಕೊಂಡಿವೆ, ಉತ್ತರವನ್ನೂ ಬರೆದಿಟ್ಟಿವೆ. ಅಂಥ ಒಂದು ಕಲ್ಲು ತುಮಕೂರಿನ ಮಗ್ಗುಲಲ್ಲೇ ಇದೆ.

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದು ಹತ್ತು ಕಿಲೋಮೀಟರಿಗೂ ಕಡಿಮೆ ದೂರ ಹೋದರೆ ಗೂಳೂರು. ಅದರ ಪಕ್ಕದಲ್ಲೇ ಕೈದಾಳ. ಕನ್ನಡಿಗರಲ್ಲಿ ಕೈದಾಳದ ಹೆಸರು ಕೇಳದವರು ಕಡಿಮೆ. ಅದಕ್ಕೆ ಕಾರಣ ಜಕಣಾಚಾರಿಯ ಕತೆ. ಕ್ರೀಡಾಪುರ ಎಂಬ ಊರಿನ ಈ ಶಿಲ್ಪಿ ಉಳಿಯ ಹುಚ್ಚಿನಲ್ಲಿ ಹೆಂಡತಿಯನ್ನು ಬಿಟ್ಟು ದೇಶಾಂತರ ಹೋದ. ಆಮೇಲೆ ಹುಟ್ಟಿದ ಮಗ ಡಂಕಣ ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದ. ಅಲ್ಲಿ ಒಂದು ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಈ ಹುಡುಗ ಹೇಳಿದ. ಜಕಣಾಚಾರಿಗೆ ಸಿಟ್ಟು ಬಂತು. ದೋಷ ತೋರಿಸಿದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುತ್ತೇನೆ ಎಂದ. ವಿಗ್ರಹಕ್ಕೆ ಗಂಧ ಬಳಿದರೆ ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಒಣಗಲಿಲ್ಲ. ಅಲ್ಲಿ ಉಳಿ ತಾಗಿಸಿದರೆ ನೀರಿನೊಂದಿಗೆ ಕಪ್ಪೆ ಹೊರಬಂತು. ಜಕಣಾಚಾರಿ ಮಾತಿಗೆ ತಪ್ಪಲಿಲ್ಲ. ಮುಂದೆ ಹುಟ್ಟೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಕಡಿದ ಕೈ ಮರಳಿ ಬಂತು, ಊರಿಗೆ ಕೈದಾಳ ಎಂದು ಹೆಸರಾಯಿತು. 1964ರಲ್ಲಿ ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಚಿತ್ರ ಬಂದ ಮೇಲೆ, ಕತೆ ಕೇಳದಿದ್ದವರೂ ಅದನ್ನು ಬಣ್ಣದಲ್ಲಿ ಕಂಡರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅದು. ಶಿಲ್ಪಿಗಳಿಗೆ ರಾಜ್ಯ ಸರಕಾರ ಕೊಡುವ ಪ್ರಶಸ್ತಿಗೂ ಜಕಣಾಚಾರಿಯ ಹೆಸರೇ ಇದೆ.

ಬೇಲೂರಿನ ಕುಸುರಿಯನ್ನು ನಿರೀಕ್ಷಿಸಿ ಕೈದಾಳಕ್ಕೆ ಹೋದವರಿಗೆ ನಿರಾಶೆಯಾಗುತ್ತದೆ. ಗುಡಿ ಸರಳವಾಗಿದೆ. ಅಲ್ಲಿ ಶಿಲ್ಪಕ್ಕಿಂತಲೂ ನಮ್ಮನ್ನು ಹಿಡಿದು ನಿಲ್ಲಿಸಬೇಕಾದದ್ದು ಗಂಗಾಧರೇಶ್ವರ ಗುಡಿಗೆ ಸೇರಿದ ಶಾಸನ. ಬಿ. ಎಲ್. ರೈಸ್ ಅವರು ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹೆಸರಿನಲ್ಲಿ ಪ್ರಕಟಿಸಿದರಲ್ಲ, ಅದರ ಹನ್ನೆರಡನೇ ಸಂಪುಟ ತುಮಕೂರು ಜಿಲ್ಲೆಯದು. ಅದು ಹೊರಬಂದದ್ದು 1904ರಲ್ಲಿ. ಕೈದಾಳದ ಶಾಸನದ ಪಾಠ ಅದರಲ್ಲಿದೆ. ಕಾಲ 1150ರ ಆಸುಪಾಸು.

ಶಾಸನದಲ್ಲಿ ಜಕಣಾಚಾರಿ ಇಲ್ಲ, ಕಡಿದ ಕೈಯೂ ಇಲ್ಲ. ಅಲ್ಲಿರುವುದು ಹೊಯ್ಸಳರ ಅಧೀನದಲ್ಲಿ ಮರುಗರೆ ನಾಡನ್ನು ಆಳುತ್ತಿದ್ದ ಗೂಳೆ ಬಾಚಿ, ಅಂದರೆ ಬಾಚಿದೇವ ಎಂಬ ಸಾಮಂತ. ಅವನು ತಂದೆಯ ಹೆಸರಿನಲ್ಲಿ ಗಂಗೇಶ್ವರನ ಗುಡಿ ಕಟ್ಟಿಸಿದ. ವಿಷ್ಣುವಿಗೂ ಗುಡಿ ಕಟ್ಟಿಸಿದ. ಹೆಂಡತಿಯ ಹೆಸರಿನಲ್ಲಿ ಕಟ್ಟಿಸಿದ್ದು ಜಿನಾಲಯ. ಮಾಹೇಶ್ವರ, ಬೌದ್ಧ, ವೈಷ್ಣವ, ಆರ್ಹತ ಎಂಬ ನಾಲ್ಕು ಸಮಯಗಳಿಗೂ ಅವನು ಆಸರೆಯಾಗಿದ್ದ ಎಂದು ಶಾಸನ ಅವನನ್ನು ಹೊಗಳುತ್ತದೆ. ಆ ಕಾಲದ ಕನ್ನಡದಲ್ಲಿ ‘ಸಮಯ’ ಎಂದರೆ ಮತ, ಪಂಥ.

ಕಲ್ಲಿಗೂ ಕತೆಗೂ ಇರುವ ಈ ವ್ಯತ್ಯಾಸ ನೋಡಿ. ಕಲ್ಲು ಹಣ ಕೊಟ್ಟವನನ್ನು ನೆನಪಿಟ್ಟುಕೊಂಡಿತು, ಜನ ಕಟ್ಟಿದವನನ್ನು. ಬಾಚಿದೇವ ತನ್ನ ಹೆಸರು ಚಂದ್ರ ಸೂರ್ಯರಿರುವವರೆಗೂ ಉಳಿಯಲೆಂದು ಕಲ್ಲಿನಲ್ಲಿ ಕೊರೆಯಿಸಿದ. ಇಂದು ತುಮಕೂರಿನಲ್ಲೇ ನೂರು ಜನರನ್ನು ನಿಲ್ಲಿಸಿ ಕೇಳಿದರೆ ಜಕಣನ ಹೆಸರು ಹೇಳುವವರು ಸಿಗುತ್ತಾರೆ, ಬಾಚಿಯ ಹೆಸರು ಹೇಳುವವರು ಸಿಗುವುದು ಕಷ್ಟ. ಇತಿಹಾಸಕಾರರು ಜಕಣಾಚಾರಿಯ ಕತೆಯನ್ನು ಬರಿಯ ಕತೆ ಎಂದು ತಳ್ಳಿಹಾಕುವುದುಂಟು. ಬೇಲೂರಿನ ವಿಗ್ರಹಗಳ ಅಡಿಯಲ್ಲಿ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರಕ್ಕೆ ಬಂದರೆ ಮಲ್ಲಿತಮ್ಮ. ಜಕಣಾಚಾರಿಯ ಸಹಿ ಅಲ್ಲಿಲ್ಲ. ತಂದೆ ಮಗ ಒಂದೇ ಗುಡಿಯಲ್ಲಿ ಕೆಲಸ ಮಾಡಿದ್ದಂತೂ ನಿಜ, ಅದೂ ಯಾರೂ ಕೈ ಕಡಿದುಕೊಳ್ಳದೆ. ಆದರೂ ನನಗೆ ಈ ಕತೆಯನ್ನು ಹಗುರವಾಗಿ ತಳ್ಳಿಬಿಡಲು ಮನಸ್ಸಾಗುವುದಿಲ್ಲ. ಅರಸರ ಶಾಸನಗಳು ಹೇಳದೆ ಬಿಟ್ಟದ್ದನ್ನು ಜನ ಹೀಗೆ ತುಂಬಿಕೊಂಡಿದ್ದಾರೆ. ಕಲ್ಲು ಹೊತ್ತ, ಕಲ್ಲು ಕಡಿದ ಕೈಗೆ ಯಾರೂ ಶಾಸನ ಹಾಕಿಸಲಿಲ್ಲವಾದ್ದರಿಂದ ಊರಿನ ಹೆಸರನ್ನೇ ಅದಕ್ಕೆ ಕೊಟ್ಟುಬಿಟ್ಟಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರಬಹುದು, ಬರಬೇಕು. ಈ ಬಾಚಿದೇವನನ್ನು ಸರ್ವಧರ್ಮ ಸಮನ್ವಯದ ಸಂತನನ್ನಾಗಿ ಮಾಡುವುದೇಕೆ? ಅವನೊಬ್ಬ ಸಾಮಂತ. ಗುಡಿಗೆ ಹೋದ ಹಣ ಅವನ ಬೆವರಿನದಲ್ಲ. ಮರುಗರೆ ನಾಡಿನ ಒಕ್ಕಲುಗಳು ಅಳೆದುಕೊಟ್ಟ ರಾಗಿ, ಭತ್ತ ಅದು. ಭೂಮಿಯನ್ನು ದಾನ ಕೊಡುವಾಗ ಆ ಭೂಮಿಯನ್ನು ಉಳುತ್ತಿದ್ದವರ ಅಭಿಪ್ರಾಯವನ್ನು ಯಾವ ಶಾಸನವೂ ಕೇಳಿದಂತಿಲ್ಲ. ನಾಲ್ಕು ಮತಗಳ ಪ್ರಜೆಗಳಿರುವಲ್ಲಿ ನಾಲ್ಕು ಮತಗಳನ್ನೂ ಸಂತೋಷಪಡಿಸುವುದು ರಾಜಕೀಯದ ಜಾಣತನವೂ ಹೌದು. ಹೊಗಳುವವರು ದೊರೆಯನ್ನು ಹೊಗಳದೆ ಇನ್ನೇನು ಬರೆಯುತ್ತಾರೆ? ಇದೆಲ್ಲ ಸರಿ. ನಾನು ಒಪ್ಪುತ್ತೇನೆ. ಆದರೆ ಒಬ್ಬ ಸಾಮಂತ ತನ್ನನ್ನು ಯಾವ ಮಾತಿನಿಂದ ಹೊಗಳಿಸಿಕೊಳ್ಳಲು ಬಯಸುತ್ತಾನೆ ಎಂಬುದರಲ್ಲಿ ಆ ಕಾಲ ಯಾವುದನ್ನು ದೊಡ್ಡತನ ಎಂದುಕೊಂಡಿತ್ತು ಎಂಬುದು ಗೊತ್ತಾಗುತ್ತದೆ. ಬಾಚಿಯ ಕಾಲದಲ್ಲಿ ನಾಲ್ಕು ಮತಗಳಿಗೆ ಆಸರೆ ಎನ್ನಿಸಿಕೊಳ್ಳುವುದು ಹೆಮ್ಮೆಯಾಗಿತ್ತು. ಇನ್ನೊಂದು ಮತದವರನ್ನು ಹದ್ದುಬಸ್ತಿನಲ್ಲಿ ಇಟ್ಟವನು ಎಂದು ಹೊಗಳಿಸಿಕೊಂಡರೆ ಓಟು ಬರುತ್ತದೆ ಎಂದು ಲೆಕ್ಕ ಹಾಕುವ ಕಾಲವೂ ಇರುತ್ತದೆ.

ಇನ್ನೊಂದು ಮಾತು. ಇಂಥ ಶಾಸನಗಳ ಬಗ್ಗೆ ಬರೆಯುವಾಗ ನಾವು ‘ಸಹಿಷ್ಣುತೆ’ ಎಂಬ ಪದವನ್ನು ತಟ್ಟನೆ ಬಳಸುತ್ತೇವೆ. ಸಹಿಸುವುದು ಎಂದರೆ ಇಷ್ಟವಿಲ್ಲದ್ದನ್ನು ತಡೆದುಕೊಳ್ಳುವುದು. ಹಲ್ಲುನೋವನ್ನು ಸಹಿಸುತ್ತೇವೆ, ಬಸ್ಸಿನ ನೂಕುನುಗ್ಗಲನ್ನು ಸಹಿಸುತ್ತೇವೆ. ತಂದೆಯ ಹೆಸರಿನಲ್ಲಿ ಶಿವನ ಗುಡಿ, ಹೆಂಡತಿಯ ಹೆಸರಿನಲ್ಲಿ ಜಿನನ ಗುಡಿ ಕಟ್ಟಿಸಿದವನ ಮನೆಗೆ ಈ ಪದ ಹೊಂದುವುದಿಲ್ಲ. ಅಲ್ಲಿ ಮತಭೇದ ಊಟದ ಮನೆಯಲ್ಲೇ ಇತ್ತು, ಅದನ್ನು ಯಾರೂ ಸಹಿಸಬೇಕಾಗಿರಲಿಲ್ಲ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಜೈನಳಾಗಿಯೇ ಬಾಳಿದಳು ಎಂಬುದನ್ನು ಶಾಲೆಯ ಮಕ್ಕಳೂ ಓದಿದ್ದಾರೆ. ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಯಾದಾಗ ಅರಮನೆಯಲ್ಲಿದ್ದ ಜೈನ ರಾಣಿ ಅವಳು.

ಈಗ ಮೊದಲ ಪ್ರಶ್ನೆಗೆ ಬರೋಣ. ಬಾಚಿ ಕೊಟ್ಟದ್ದರಲ್ಲಿ ಉಳಿದದ್ದು ಎಷ್ಟು? ಇಂದು ಕೈದಾಳಕ್ಕೆ ಹೋದವರಿಗೆ ಊರವರು ತೋರಿಸುವುದು ಎರಡು ಗುಡಿಗಳನ್ನು. ಒಂದು ಚೆನ್ನಿಗರಾಯನದು, ಇನ್ನೊಂದು ಗಂಗಾಧರೇಶ್ವರನದು. ಜಿನಾಲಯವನ್ನು ಯಾರೂ ತೋರಿಸುವುದಿಲ್ಲ. ಹಾಗೆಂದು ತುಮಕೂರು ಸೀಮೆಯಿಂದ ಬಸದಿಗಳೇ ಅಳಿದುಹೋದವು ಎಂದಲ್ಲ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿ ನಿಂತಿದೆ. ತುಮಕೂರಿಗೆ ಹತ್ತಿರದ ಮಂದರಗಿರಿಯ ಮೇಲೂ ಬಸದಿಗಳಿವೆ, ಅವಕ್ಕೆ ಭಕ್ತರಿದ್ದಾರೆ. ಬೌದ್ಧರ ಮಾತು ಬೇರೆ. 1065ರಲ್ಲಿ ಬಳ್ಳಿಗಾವೆಯಲ್ಲಿ ಒಂದು ಬೌದ್ಧ ವಿಹಾರವನ್ನು ಚಾಲುಕ್ಯರ ಮಂತ್ರಿ ರೂಪಭಟ್ಟಯ್ಯ ಕಟ್ಟಿಸಿದ್ದ. ನೂರು ವರ್ಷ ಕಳೆಯುವಷ್ಟರಲ್ಲಿ ಈ ನಾಡಿನಲ್ಲಿ ಬೌದ್ಧರು ವಿರಳವಾಗಿದ್ದರು. ಆದರೂ ಬಾಚಿಯ ನಾಲ್ಕು ಸಮಯಗಳಲ್ಲಿ ಅವರಿಗೆ ಒಂದು ಜಾಗ ಇದೆ.

ಒಂದು ಪೂಜಾಸ್ಥಳ ಅಳಿಯಬೇಕಾದರೆ ವೈರಿ ಬಂದು ಕೆಡವಲೇಬೇಕು ಎಂದೇನಿಲ್ಲ. ಅದನ್ನು ನಂಬುವವರು ಬೇರೆ ಊರಿಗೆ ಹೋದರೆ, ನಂಬದ ನೆರೆಯವರು ನಮಗೇಕೆ ಎಂದು ಸುಮ್ಮನಿದ್ದರೆ ಸಾಕು. ಛಾವಣಿಯ ಮೇಲೆ ಒಂದು ಆಲದ ಸಸಿ ಹುಟ್ಟುತ್ತದೆ. ಅದನ್ನು ಕೀಳುವವರು ಇಲ್ಲವಾದರೆ ಐವತ್ತು ವರ್ಷಗಳಲ್ಲಿ ಬೇರು ಗೋಡೆಯನ್ನು ಬಿಡಿಸುತ್ತದೆ. ಬಿದ್ದ ಕಲ್ಲು ಬಾವಿಕಟ್ಟೆಗೆ, ಮೆಟ್ಟಿಲಿಗೆ, ದನದ ಕೊಟ್ಟಿಗೆಗೆ ಹೋಗುತ್ತದೆ. ಇದರಲ್ಲಿ ಯಾರೂ ಪಾಪಿ ಅಲ್ಲ, ಕೆಲಸ ಮಾತ್ರ ಪೂರ್ತಿಯಾಗುತ್ತದೆ.

ಇದು ಆಗುತ್ತದೆ ಎಂದು ಶಾಸನ ಬರೆಸಿದವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ನಾಡಿನ ದಾನಶಾಸನಗಳ ಕೊನೆಯ ಭಾಗವನ್ನು ಓದಿದವರಿಗೆ ಇದು ಅರ್ಥವಾಗುತ್ತದೆ. ಯಾರು, ಯಾರಿಗೆ, ಎಷ್ಟು ಭೂಮಿ, ಅದರ ನಾಲ್ಕು ಎಲ್ಲೆಗಳು ಯಾವುವು ಎಂದು ಹೇಳಿ ಮುಗಿದ ಮೇಲೆ ಶಾಸನ ಇದ್ದಕ್ಕಿದ್ದಂತೆ ಓದುಗನ ಕಡೆಗೆ ತಿರುಗುತ್ತದೆ. ಈ ದಾನವನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಶಾಪ ಎಲ್ಲರಿಗೂ ಗೊತ್ತಿರುವ ಸಂಗತಿ. ಶಾಪದ ಜೊತೆಯಲ್ಲೇ ಬರುವ ಇನ್ನೆರಡು ಮಾತುಗಳ ಕಡೆ ನಾವು ಅಷ್ಟಾಗಿ ಗಮನ ಕೊಟ್ಟಿಲ್ಲ. ಮೊದಲನೆಯದು, ತಾನು ಕೊಡುವುದಕ್ಕಿಂತ ಇನ್ನೊಬ್ಬ ಕೊಟ್ಟದ್ದನ್ನು ಕಾಯುವುದರಲ್ಲಿ ಎರಡು ಪಟ್ಟು ಪುಣ್ಯವಿದೆ ಎಂಬ ಮಾತು. ಎರಡನೆಯದು ದಾನಿಯ ವಿನಂತಿ. ಮುಂದೆ ಬರುವ ಅರಸರು ನನ್ನ ವಂಶದವರಾಗಲಿ, ಬೇರೆ ವಂಶದವರಾಗಲಿ, ಈ ಧರ್ಮವನ್ನು ಕಾಯುವವರಿಗೆ ನಾನು ತಲೆಯ ಮೇಲೆ ಕೈಜೋಡಿಸಿ ನಮಸ್ಕರಿಸುತ್ತೇನೆ ಎಂದು ಅವನು ಕೇಳಿಕೊಳ್ಳುತ್ತಾನೆ.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಶಾಸನದ ಆರಂಭದಲ್ಲಿ ಹತ್ತು ಸಾಲು ಬಿರುದುಗಳು. ಶತ್ರುಗಳ ಎದೆಗೆ ಶೂಲ, ಶರಣಾಗತರಿಗೆ ವಜ್ರಪಂಜರ ಇತ್ಯಾದಿ. ಕೊನೆಗೆ ಬರುವಾಗ ಅದೇ ಅರಸ ಇನ್ನೂ ಹುಟ್ಟದ, ಮುಖ ಕಾಣದ, ಕುಲ ಗೊತ್ತಿಲ್ಲದ ಯಾರೋ ಒಬ್ಬನ ಎದುರು ಕೈಮುಗಿದು ನಿಲ್ಲುತ್ತಾನೆ. ಅಧಿಕಾರಕ್ಕೆ ತನ್ನ ಮಿತಿ ಗೊತ್ತಾಗುವ ಜಾಗ ಅದು. ಕೊಡುವ ಶಕ್ತಿ ಅರಸನಿಗಿದೆ, ಕೊಟ್ಟದ್ದನ್ನು ಉಳಿಸುವ ಶಕ್ತಿ ಇಲ್ಲ. ಅದು ಬೇರೆಯವರ ಕೈಯಲ್ಲಿದೆ. ಹಾಗಾಗಿ ಇನ್ನೊಬ್ಬರು ಕೊಟ್ಟದ್ದನ್ನು ಕಾಯುವವನ ಪುಣ್ಯ ದೊಡ್ಡದು ಎಂಬ ಮಾತು ಬರಿಯ ಆಮಿಷವಲ್ಲ. ಸ್ವಂತ ಹೆಸರಿನಲ್ಲಿ ಕೊಡುವವನಿಗೆ ಕೀರ್ತಿಯ ಕೂಲಿ ಸಿಗುತ್ತದೆ. ಪರರ ಹೆಸರಿನಲ್ಲಿರುವುದನ್ನು ಕಾಯುವವನಿಗೆ ಯಾವ ಕೂಲಿಯೂ ಇಲ್ಲ. ಅವನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೊರೆಯುವುದಿಲ್ಲ.

ಶಾಪ ಇದೆಯೆಂದರೆ ಕಳ್ಳತನವೂ ಇತ್ತು ಎಂದೇ ಅರ್ಥ. ಯಾರಿಂದ? ಇವತ್ತಿನ ಜಗಳಗಳ ಕನ್ನಡಕ ಹಾಕಿಕೊಂಡು ಓದುವವರು ಹೊರಗಿನವರ ಭಯ ಎಂದು ಭಾವಿಸಬಹುದು. ಶಾಸನದ ಎಚ್ಚರಿಕೆ ಸಾಮಾನ್ಯವಾಗಿ ಒಳಗಿನವರಿಗೇ ಇದೆ. ಸ್ವಂತ ದಾನವನ್ನೇ ಹಿಂದಕ್ಕೆ ಪಡೆಯುವವನು, ನನ್ನ ವಂಶದಲ್ಲೇ ಹುಟ್ಟಿ ಕಸಿಯುವವನು ಎಂದು ಅದು ಹೇಳುತ್ತದೆ. ಮುಂದಿನ ಶತಮಾನಗಳಲ್ಲಿ ದಖನ್ನಿನಲ್ಲಿ ಮುಸ್ಲಿಂ ಅಧಿಕಾರಿಗಳು ಬಂದ ಮೇಲೆ ಶಾಪದ ಮಾತೂ ಬೆಳೆಯಿತು. ಹಿಂದೂ ಆದವನು ಇದನ್ನು ಮೀರಿದರೆ ಗೋವಿನ ಆಣೆ, ಮುಸಲ್ಮಾನನಾದವನು ಮೀರಿದರೆ ಹಂದಿಯ ಆಣೆ ಎಂಬ ಒಕ್ಕಣೆ ಕೆಲವು ಸನದುಗಳಲ್ಲಿ, ಕಲ್ಲುಗಳಲ್ಲಿ ಬಂತು. ಇಂದು ಓದಿದರೆ ನಗು ಬರಬಹುದು, ಮುಜುಗರವೂ ಆಗಬಹುದು. ಆದರೆ ಬರೆದವನ ಮನಸ್ಸು ನೋಡಿ. ಮುಂದೆ ಇದನ್ನು ಕಾಯಬೇಕಾದವನು ಮುಸಲ್ಮಾನನೂ ಆಗಿರಬಹುದು, ಅವನಿಗೂ ಒಂದು ಆತ್ಮಸಾಕ್ಷಿ ಇದೆ, ಅದು ಅವನ ಧರ್ಮದ ಭಾಷೆಯಲ್ಲಿ ಮಾತಾಡಿದರೆ ಕೇಳುತ್ತದೆ ಎಂದು ಅವನು ನಂಬಿದ್ದ.

ಕಾಯುವುದು ಎಂದರೆ ಏನು ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಕುಣಿಗಲ್ಲಿನ ಆಚೆ ಬದಿಗಿದೆ. ಕುಣಿಗಲ್ ತಾಲ್ಲೂಕು ದಾಟಿ ಮಾಗಡಿ ತಾಲ್ಲೂಕಿಗೆ ಬಂದರೆ ಕಲ್ಯ ಎಂಬ ಊರು. ಇಂದು ಚಿಕ್ಕ ಊರು, ಹಿಂದೆ ಪಟ್ಟಣ. ಅಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನದ ಒಂದು ಪ್ರತಿ ಇದೆ. ಇನ್ನೊಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಹೆಚ್ಚು ಪ್ರಸಿದ್ಧವಾದದ್ದು ಅದೇ. ಸಂಗತಿ ಇಷ್ಟು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಊರುಗಳ ಜೈನರು ಅರಸನ ಬಳಿ ಬಂದು ಶ್ರೀವೈಷ್ಣವರು ತಮಗೆ ಅನ್ಯಾಯ ಮಾಡುತ್ತಿದ್ದಾರೆ ಎಂದು ದೂರಿದರು. ಈ ಕಲ್ಲೆಹವೇ ಕಲ್ಯ. ಅರಸ ವಿಚಾರಣೆಗೆ ಒಂದು ಸಮಿತಿ ಮಾಡಿ ಕಳಿಸಿಬಿಡಲಿಲ್ಲ. ಹದಿನೆಂಟು ನಾಡಿನ ಶ್ರೀವೈಷ್ಣವರನ್ನು, ಅವರ ಆಚಾರ್ಯರನ್ನು ಸೇರಿಸಿ, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂದು ಹೇಳಿ, ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಹಿಂದಿನಂತೆಯೇ ಜೈನರಿಗೂ ಇರುತ್ತದೆ ಎಂದ. ಜೈನ ದರ್ಶನಕ್ಕೆ ಹಾನಿಯಾದರೆ ವೈಷ್ಣವರು ಅದನ್ನು ತಮ್ಮ ದರ್ಶನಕ್ಕಾದ ಹಾನಿ ಎಂದೇ ತಿಳಿಯಬೇಕು ಎಂದು ಹೇಳಿದ. ಇದನ್ನು ನಾಡಿನ ಬಸದಿಗಳಲ್ಲೆಲ್ಲ ಕಲ್ಲು ನೆಟ್ಟು ಸಾರಬೇಕು ಎಂಬ ಆಜ್ಞೆಯೂ ಆಯಿತು.

ಅರಸ ವೈಷ್ಣವರನ್ನು ಶಿಕ್ಷಿಸಿ, ಜೈನರಿಗೆ ತನ್ನ ಸೈನಿಕರನ್ನು ಕೊಡಬಹುದಿತ್ತು. ಅದು ಸುಲಭದ ದಾರಿ. ಆದರೆ ಸೈನಿಕರು ಎಷ್ಟು ದಿನ ಇರುತ್ತಾರೆ? ತೊಂದರೆ ಕೊಟ್ಟವರ ಕೈಗೇ ರಕ್ಷಣೆಯ ಹೊಣೆ ಕೊಟ್ಟಿದ್ದು ಬುಕ್ಕರಾಯನ ಜಾಣ್ಮೆ. ಬಹುಸಂಖ್ಯಾತರ ಕೈಯಲ್ಲಿ ಅಲ್ಪಸಂಖ್ಯಾತರ ಕೈ ಇಟ್ಟು ಇವರು ನಿಮ್ಮ ಜವಾಬ್ದಾರಿ ಎನ್ನುವುದು ಒಂದು ರೀತಿಯಲ್ಲಿ ಅಪಾಯದ ಕೆಲಸವೂ ಹೌದು. ಹಿಡಿದ ಕೈಯನ್ನು ತಿರುಚಲೂಬಹುದು. ಶಾಸನದಲ್ಲಿ ಹಣದ ಲೆಕ್ಕವೂ ಇದೆ. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ತಿರುಮಲೆಯ ತಾತಯ್ಯ ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಹಾಗಾದರೆ ಇದು ದುಡ್ಡು ಕೊಟ್ಟು ಕೊಂಡ ರಕ್ಷಣೆ ಅಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ತಪ್ಪಲ್ಲ. ಕಾವಲಿನ ಖರ್ಚನ್ನು ಪೆಟ್ಟು ತಿಂದವರ ಮೇಲೆಯೇ ಹಾಕಿದ್ದು ನನಗೂ ಪೂರ್ತಿ ನ್ಯಾಯ ಅನ್ನಿಸುವುದಿಲ್ಲ. ಆದರೆ ಮುಂದಿನ ಸಾಲು ಹಿಡಿಸುತ್ತದೆ. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎನ್ನುತ್ತದೆ ಶಾಸನ. ತಿರುಮಲೆಯ ಒಬ್ಬ ವೈಷ್ಣವ ಆಚಾರ್ಯನ ಉಸ್ತುವಾರಿಯಲ್ಲಿ ಜಿನನ ಗುಡಿಗೆ ಸುಣ್ಣ. ತತ್ವದ ಮಾತಿಗಿಂತ ಈ ಸುಣ್ಣದ ಮಾತು ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಈ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದಾಗ ಟಿಪ್ಪು ಸುಲ್ತಾನ ಸ್ವಾಮಿಗಳಿಗೆ ಪತ್ರ ಬರೆದು, ಶಾರದೆಯ ಪುನಃಪ್ರತಿಷ್ಠೆಗೆ ಹಣ, ದವಸ ಕೊಡಿಸಿದ. ಸುಮಾರು ಮೂವತ್ತು ಪತ್ರಗಳು ಮಠದಲ್ಲೇ ಇದ್ದವು. 1916ರಲ್ಲಿ ಆರ್. ನರಸಿಂಹಾಚಾರ್ಯರು ಅವುಗಳನ್ನು ಬೆಳಕಿಗೆ ತಂದರು. ಯುದ್ಧದ ಕಾಲದ ರಾಜಕೀಯ ಲೆಕ್ಕಾಚಾರ ಅದರಲ್ಲಿ ಇರಲೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಬಾಚಿಗೆ ಅನ್ವಯಿಸಿದ ಅಳತೆಗೋಲನ್ನೇ ಟಿಪ್ಪುವಿಗೂ ಅನ್ವಯಿಸಬೇಕು. ಹಿಂದಿನ ಅರಸರು ಬೇರೊಂದು ಧರ್ಮದ ಮಠಕ್ಕೆ ಕೊಟ್ಟದ್ದನ್ನು ಕೆಡದಂತೆ ನೋಡಿಕೊಳ್ಳುವುದು ಸಿಂಹಾಸನಕ್ಕೆ ಅಂಟಿದ ಕರ್ತವ್ಯ ಎಂಬ ತಿಳಿವಳಿಕೆ ಅವನಿಗಿತ್ತು.

ಮುಸ್ಲಿಮರಿಗೆ ಈ ವಿಚಾರ ಹೊಸತಲ್ಲ. ಖೈಬರಿನಲ್ಲಿ ತನಗೆ ಸಿಕ್ಕ ಒಳ್ಳೆಯ ಭೂಮಿಯನ್ನು ಏನು ಮಾಡಲಿ ಎಂದು ಹಝ್ರತ್ ಉಮರ್ ಕೇಳಿದಾಗ ಪ್ರವಾದಿಯವರು ಕೊಟ್ಟ ಸಲಹೆಯೇ ವಕ್ಫ್‌ನ ಬುನಾದಿ ಎನ್ನುತ್ತಾರೆ. ಮೂಲವನ್ನು ಹಿಡಿದಿಟ್ಟು ಫಲವನ್ನು ಹಂಚುವುದು. ಭೂಮಿಯನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ಉತ್ತರಾಧಿಕಾರದಲ್ಲಿ ಹಂಚುವಂತಿಲ್ಲ. ಬೆಳೆ ಬಡವರಿಗೆ, ಬಂಧುಗಳಿಗೆ, ಗುಲಾಮರ ಬಿಡುಗಡೆಗೆ, ದಾರಿಹೋಕರಿಗೆ. ನೋಡಿಕೊಳ್ಳುವ ಮುತವಲ್ಲಿ ಒಡೆಯನಲ್ಲ, ಅವನ ಕೈಯಲ್ಲಿರುವುದು ಅಮಾನತು. ಈ ಪದದ ಗತಿ ನೋಡಿ. ಅರಬಿಯಲ್ಲಿ ನಂಬಿಕೆಯಿಂದ ಒಪ್ಪಿಸಿದ ವಸ್ತು ಎಂಬ ಅರ್ಥದ ಅಮಾನತು ಕನ್ನಡದ ಕಚೇರಿಗಳಿಗೆ ಬಂದ ಮೇಲೆ ನೌಕರನನ್ನು ಕೆಲಸದಿಂದ ದೂರ ಇಡುವುದು ಎಂದಾಗಿದೆ! 2012ರಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗವು ವಕ್ಫ್ ಆಸ್ತಿಗಳ ದುರುಪಯೋಗದ ಬಗ್ಗೆ ಸರಕಾರಕ್ಕೆ ವರದಿ ಕೊಟ್ಟಿತು. ಅದರ ಅಂಕಿಗಳ ಬಗ್ಗೆ, ಉದ್ದೇಶದ ಬಗ್ಗೆ ವಾದ ಮಾಡುವವರಿದ್ದಾರೆ. ಆದರೆ ಅಜ್ಜಂದಿರು ಅನಾಥರಿಗೆಂದು ಬಿಟ್ಟ ಜಾಗದ ಮೇಲೆ ಸಮುದಾಯದವರದ್ದೇ ಅಂಗಡಿ ಸಾಲು ಎದ್ದದ್ದನ್ನು ಕಾಣಲು ವರದಿ ಬೇಕಾಗಿಲ್ಲ. ಶಾಸನ ಹೇಳಿದ್ದು ಅದನ್ನೇ ಅಲ್ಲವೇ? ಕಸಿಯುವವನು ನನ್ನ ವಂಶದಲ್ಲೇ ಹುಟ್ಟಬಹುದು.

ಇಷ್ಟೆಲ್ಲ ಹೇಳಲು ಕಾರಣ, ಇಂದು ಶಾಸನ ಓದುವ ಇನ್ನೊಂದು ಕ್ರಮ ಬಲವಾಗಿ ಬೆಳೆಯುತ್ತಿದೆ. ಅದು ಶಾಸನವನ್ನು ಪಟ್ಟಾ ಪಹಣಿಯಂತೆ ಓದುವ ಕ್ರಮ. ಈ ಕಲ್ಲಿನ ಕೆಳಗೆ ಯಾವ ಕಲ್ಲಿತ್ತು, ಈ ಗೋಡೆಯ ಹಿಂದೆ ಯಾವ ಗೋಡೆಯಿತ್ತು, ಮೊದಲು ಯಾರದು, ಆಮೇಲೆ ಯಾರು ಕಿತ್ತುಕೊಂಡರು. ಈ ಕ್ರಮಕ್ಕೆ ತಡೆ ಹಾಕಲೆಂದೇ 1991ರಲ್ಲಿ ಪೂಜಾಸ್ಥಳಗಳ ಕಾಯ್ದೆ ಬಂತು. 1947ರ ಆಗಸ್ಟ್ 15ರಂದು ಯಾವುದು ಹೇಗಿತ್ತೋ ಹಾಗೆಯೇ ಇರಲಿ ಎಂದಿತು ಕಾಯ್ದೆ. ಅಯೋಧ್ಯೆಯನ್ನು ಅದರಿಂದ ಹೊರಗಿಟ್ಟಿತ್ತು. ಆದರೂ ದಾವೆಗಳು ನಿಲ್ಲಲಿಲ್ಲ. 2024ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಇಂಥ ಹೊಸ ದಾವೆಗಳನ್ನು ನೋಂದಾಯಿಸಬಾರದು, ಸಮೀಕ್ಷೆಗೆ ಆದೇಶ ಕೊಡಬಾರದು ಎಂದು ಕೆಳಗಿನ ನ್ಯಾಯಾಲಯಗಳಿಗೆ ಹೇಳಬೇಕಾಯಿತು.

ಪಟ್ಟಾದಂತೆ ಓದುವವರ ವಾದದಲ್ಲಿ ಏನೂ ಹುರುಳಿಲ್ಲ ಎಂದರೆ ಅದು ಅಪ್ರಾಮಾಣಿಕತೆ. ಹಿಂದೆ ಗುಡಿಗಳನ್ನು ಕೆಡವಿದ್ದು ನಿಜ. ಮುಸ್ಲಿಂ ಸುಲ್ತಾನರು ಕೆಡವಿದ್ದಾರೆ, ಹಿಂದೂ ಅರಸರು ಶತ್ರುವಿನ ದೇವರನ್ನು ಹೊತ್ತೊಯ್ದಿದ್ದಾರೆ, ಬಸದಿಗಳು ಬೇರೆ ಗುಡಿಗಳಾಗಿವೆ. ಅನ್ಯಾಯ ಆಗಿದ್ದರೆ ಅದನ್ನು ಅನ್ಯಾಯ ಎನ್ನಬೇಕು, ಯಾರು ಮಾಡಿದ್ದರೂ. ಪ್ರಶ್ನೆ ಇರುವುದು ಆಮೇಲೆ. ಕೈದಾಳದ ಕಲ್ಲನ್ನು ಪಟ್ಟಾದಂತೆ ಓದಿದರೆ ಏನಾಗುತ್ತದೆ? ಜೈನರು ತಮ್ಮ ಜಿನಾಲಯ ಎಲ್ಲಿ ಎಂದು ಊರನ್ನೆಲ್ಲ ಅಗೆಯಬೇಕು. ಬೌದ್ಧರು ನಾಲ್ಕರಲ್ಲಿ ಒಂದು ಪಾಲು ಕೇಳಬೇಕು. ಗೂಳೂರಿನ ಯಾವ ಮನೆಯ ಮೆಟ್ಟಿಲಲ್ಲಿ ಯಾವ ಗುಡಿಯ ಕಲ್ಲಿದೆಯೋ ಯಾರಿಗೆ ಗೊತ್ತು? ಅದೇ ಶಾಸನವನ್ನು ಅದರ ಕಾಲದ ರೀತಿಯಲ್ಲಿ ಓದಿದರೆ ಅದು ಬರೆದದ್ದು ಹಿಂದಿನ ಲೆಕ್ಕ ತೀರಿಸಲು ಅಲ್ಲ, ಮುಂದೆ ಬರುವವನಿಗಾಗಿ. ಓದುತ್ತಿರುವ ನೀನು, ನೀನು ಯಾರೇ ಆಗಿರು, ಈಗ ನಿನ್ನ ಸುಪರ್ದಿಯಲ್ಲಿ ಏನಿದೆಯೋ ಅದನ್ನು ಕಾಯಿ ಎಂದು ಅದು ಕೇಳಿಕೊಳ್ಳುತ್ತದೆ. ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ಮೌಲ್ವಿಯೊಬ್ಬರು ಕುರ್‌ಆನ್ ಓದುವ ಪದ್ಧತಿ ಬೇಕೇ ಬೇಡವೇ ಎಂದು 2022ರಲ್ಲಿ ವಿವಾದ ಎದ್ದಾಗಲೂ ಮುಂದೆ ಬಂದ ಪ್ರಶ್ನೆ ಇದೇ. ಹಿಂದಿನವರು ಬಿಟ್ಟುಹೋದ ಒಂದು ನಡಾವಳಿ ಈಗ ನಮ್ಮ ಸುಪರ್ದಿಯಲ್ಲಿದೆ. ಅದನ್ನು ಏನು ಮಾಡುತ್ತೇವೆ?

ಕಾಯುವವರಿಗೆ ತಾವು ಏನನ್ನು ಕಾಯುತ್ತಿದ್ದೇವೆ ಎಂಬುದು ಯಾವಾಗಲೂ ಗೊತ್ತಿರುವುದಿಲ್ಲ. ಅದಕ್ಕೊಂದು ಉದಾಹರಣೆ ದೂರದ ಕಲಬುರಗಿ ಜಿಲ್ಲೆಯಲ್ಲಿದೆ, ಅದೂ ಬಾಚಿಗಿಂತ ಸಾವಿರದ ನಾನೂರು ವರ್ಷ ಹಿಂದಿನದು. ಭೀಮಾ ತೀರದ ಸನ್ನತಿಯಲ್ಲಿ ಚಂದ್ರಲಾಂಬಾ ಕ್ಷೇತ್ರ ಇದೆ. 1986ರಲ್ಲಿ ಅಲ್ಲಿನ ಕಾಳಿಯ ಗುಡಿಯ ಛಾವಣಿ ಕುಸಿದು ವಿಗ್ರಹ ಭಗ್ನವಾಯಿತು. ಪೀಠವಾಗಿದ್ದ ಹಾಸುಗಲ್ಲನ್ನು ನೋಡಿದರೆ ಅದರ ತುಂಬ ಬ್ರಾಹ್ಮಿ ಅಕ್ಷರಗಳು. ಅಶೋಕನ ಶಾಸನ. ಅದರಲ್ಲಿ ಅವನ ಹನ್ನೆರಡನೆಯ ಶಿಲಾಶಾಸನದ ಪಾಠವೂ ಇತ್ತು. ತನ್ನ ಪಂಥದ ಮೇಲಿನ ಅತಿ ಅಭಿಮಾನದಿಂದ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಮಾತಿನಲ್ಲಿ ಹಿಡಿತವಿರಲಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಲಿ ಎಂಬುದು ಅದರ ಸಾರಾಂಶ. ಪರರ ಪಂಥವನ್ನು ಗೌರವಿಸಿ ಎಂಬ ಕಲ್ಲು ಎಷ್ಟೋ ಕಾಲ ಬೇರೊಂದು ಪಂಥದ ದೇವಿಗೆ ಪೀಠವಾಗಿ ಬಿದ್ದಿತ್ತು. ಅದನ್ನು ಪೀಠ ಮಾಡಿದವರು ವಿಗ್ರಹ ನಿಲ್ಲಿಸಲು ನಡುವೆ ಕುಳಿ ಕೊರೆದಿದ್ದರು, ಅಷ್ಟು ಅಕ್ಷರ ಹೋಯಿತು. ಪೂಜೆ ನಡೆಯುತ್ತಿದ್ದ ಕಾರಣಕ್ಕೇ ಉಳಿದ ಅಕ್ಷರ ಉಳಿಯಿತು. ಹಾಳು ಬಿದ್ದಿದ್ದರೆ ಯಾರದೋ ಮನೆಯ ತಳಪಾಯಕ್ಕೆ ಹೋಗುತ್ತಿತ್ತು. ದೇವಿಯ ಭಕ್ತರು ಬೌದ್ಧ ಅರಸನ ಮಾತನ್ನು ಕೆಡಿಸಿದರು ಎನ್ನುವುದೋ, ಉಳಿಸಿದರು ಎನ್ನುವುದೋ? ನಾನು ಉಳಿಸಿದರು ಎಂದೇ ಹೇಳುತ್ತೇನೆ, ಕೊರೆದ ಕುಳಿಯನ್ನು ಮರೆಯದೆ.

ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ತಾಲ್ಲೂಕುಗಳಲ್ಲೇ ರೈಸ್ ಅವರು ನಕಲು ಮಾಡಿಕೊಂಡ ಶಾಸನಗಳು ನೂರಕ್ಕಿಂತ ಹೆಚ್ಚು. ಕೆಲವು ಕೆರೆ ಏರಿಯ ಮೇಲೆ, ಕೆಲವು ಹೊಲದ ನಡುವೆ, ಕೆಲವು ಊರ ಬಾಗಿಲ ಬಳಿ. ಅವುಗಳಲ್ಲಿ ಹೆಚ್ಚಿನವು ಯಾವ ಇಲಾಖೆಯ ಕಾವಲಿನಲ್ಲೂ ಇಲ್ಲ. ರಸ್ತೆ ಅಗಲ ಮಾಡುವಾಗ ಜೆಸಿಬಿಯ ಮುಂದೆ ಬರುವುದು ಇಂಥ ಕಲ್ಲುಗಳೇ. ಆ ಹೊತ್ತಿಗೆ ಅಲ್ಲಿ ನಿಂತಿರುವವನು ಯಾವ ಜಾತಿಯವನೂ ಆಗಿರಬಹುದು, ಚಾಲಕ ಯಾವ ಧರ್ಮದವನೂ ಆಗಿರಬಹುದು. ಸ್ವಲ್ಪ ನಿಲ್ಲಿಸಪ್ಪ, ಇದರ ಮೇಲೆ ಅಕ್ಷರ ಇದೆ ಎನ್ನಲು ಹಳಗನ್ನಡ ಬರಬೇಕಾಗಿಲ್ಲ. ಕಲ್ಲನ್ನು ನಾಲ್ಕು ಜನ ಸೇರಿ ಪಕ್ಕಕ್ಕೆ ಎತ್ತಿಟ್ಟು, ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಬರೆದರೆ ಒಂದು ಮಧ್ಯಾಹ್ನದ ಕೆಲಸ.